ಎದೆಮಟ್ಟದ ಗುಂಡಿ

ರಸ್ತೆ ಬದಿಯಲ್ಲಿ ಪೈಪಿಗೆಂದು ಅಗೆದ ಹಸಿಮಣ್ಣಿನ ವಾಸನೆ ಬಂದರೆ ನನಗೆ ಈಗಲೂ ಮಳೆಗಾಲದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕುಶಾಲನಗರದಾಚೆಯ ನಮ್ಮೂರ ಸ್ಮಶಾನದಲ್ಲಿ ಆ ಮಧ್ಯಾಹ್ನ ದೊಡ್ಡಪ್ಪ ನನ್ನ ತಮ್ಮನಿಗೆ ಗುಂಡಿ ತೋಡುತ್ತಿದ್ದರು. ತಮ್ಮನಿಗೆ ಎರಡು ವರ್ಷ. ಮಳೆಗೆ ನೆನೆದ ಅಂಚು ಕುಸಿಯಬಾರದೆಂದು ಮಣ್ಣನ್ನು ಮಾರು ದೂರಕ್ಕೆ ಎಸೆಯುತ್ತಿದ್ದರು.

"ಮೇಲೆ ಬಾ ಅಣ್ಣ, ಕೂಸಿಗೆ ಸೊಂಟದ ಮಟ್ಟ ಸಾಕು," ಎಂದರು ಪಕ್ಕದ ಮನೆಯವರು.

"ಕೂಸಾದ್ರೂ ಅಷ್ಟೇ, ಎದೆಮಟ್ಟ ಆಗ್ಬೇಕು. ಹಂದಿ ಬಂದು ಕೆದರ್ತಾವೆ."

ಅಷ್ಟು ತೋಡಿದ ಮೇಲೆ ಇಬ್ಬರು ಅವರನ್ನು ಮೇಲಕ್ಕೆಳೆದರು. ಅಪ್ಪ ತಮ್ಮನನ್ನೆತ್ತಿಕೊಂಡು ಹತ್ತಿರ ಬಂದಾಗ, "ತಡಿಯಪ್ಪ," ಎಂದು ದೊಡ್ಡಪ್ಪ ಮತ್ತೆ ಇಳಿದರು. ಮಂಡಿಯೂರಿ, ಅಂಗೈಯಿಂದ ತಳ ಸವರಿ, ಒಂದೊಂದೇ ಕಲ್ಲು ಹೆಕ್ಕಿ ಹೊರಗಿಟ್ಟರು.

"ಬೆನ್ನಿಗೆ ಒತ್ತುತ್ತೆ," ಎಂದರು.

ಅಂಚಿನಿಂದ ಬಗ್ಗಿ ನೋಡಿದ ಅಪ್ಪ, "ಇನ್ನೊಂದ್ಸಲ ನೋಡಣ್ಣ," ಎಂದರು.