ಗಂಟಿನ ಪೊರೆ

ಕಾಲೇಜಿಗೆ ಒಪ್ಪಿಸಲೆಂದು ಗಿಡ ಒಣಗಲು ಒತ್ತಿಟ್ಟ ಪೇಪರ್ ಬಿಚ್ಚಿದ ಮನ್ವಿತಾಳಿಗೆ ತನ್ನ ಕಾಡುಗಿಡದ ಗುರುತೇ ಸಿಗಲಿಲ್ಲ. ತಿಳಿಗುಲಾಬಿ ಹೂಗೊಂಚಲು ಇತ್ತು, ಎಲೆ ಇತ್ತು. ದಂಟು ಮಾತ್ರ ಮದುಮಗನ ಗಲ್ಲದಂತೆ ನುಣ್ಣಗಿತ್ತು.

“ಅಮ್ಮಾ, ಇದಕ್ಕೆ ಎಂತ ಮಾಡಿದ್ದು?”

“ನಿನ್ನೆ ಪೇಪರ್ ಬದಲಿಸುವಾಗ ನೋಡಿದೆ. ಗಂಟುಗಂಟಿಗೂ ಒಣಸಿಪ್ಪೆ ಜೋತಾಡ್ತಾ ಇತ್ತು. ಎಲ್ಲ ತೆಗೆದೆ,” ಎಂದರು ಗುಣವತಿ. ಹರಿವೆ ಸೊಪ್ಪನ್ನೂ ಹೀಗೇ ಬಿಡಿಸುವವರು. ದಂಟಿನಲ್ಲಿ ನಾರು ಉಳಿಸುವ ಹೆಂಗಸರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. “ಹುಡುಗಿಗೆ ಕ್ಲೀನು ಗೊತ್ತಿಲ್ಲ ಅಂತ ನಿನ್ನ ಮೇಡಮ್ ಹೇಳುವುದು ಬೇಡ.”

“ಅಯ್ಯೋ, ಆ ಸಿಪ್ಪೆಯೇ ಅಲ್ವಾ ಇದರ ಆಧಾರ್ ಕಾರ್ಡು!”

ಈ ಬಳಗದ ಗಿಡಗಳೆಲ್ಲ ನೋಡಲು ಅಕ್ಕತಂಗಿಯರು. ಯಾವಳು ಯಾರೆಂದು ತಿಳಿಯಬೇಕಾದರೆ ಗಂಟನ್ನು ಸುತ್ತಿದ ಪೊರೆಯ ಅಂಚಿನ ಕೂದಲನ್ನು ಲೆನ್ಸ್ ಹಿಡಿದು ನೋಡಬೇಕು. ಒಣಗಿಡ ಅಂಟಿಸಿದ ಹಾಳೆಯಲ್ಲಿ ಹೆಸರು ಖಚಿತವಾಗದಿದ್ದರೆ ಸಸ್ಯಶಾಸ್ತ್ರದ ಎಲೇನ್ ಮೇಡಮ್ ಅದನ್ನು ಮುಟ್ಟುವುದಿಲ್ಲ. ಹಾಳೆ ಒಪ್ಪಿಸದವರನ್ನು ಬಿಎಸ್ಸಿ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಇವತ್ತು ಹನ್ನೊಂದು ಗಂಟೆಗೆ ಗಡುವು.

“ಇನ್ನೊಂದು ಕಿತ್ತುಕೊಂಡು ಬಾ. ಹಿಂದಿನ ಗುಡ್ಡೆಯ ಕಾಡಲ್ಲೇ ಅಲ್ವಾ ಸಿಕ್ಕಿದ್ದು?”

“ಅಲ್ಲಿ ಶನಿವಾರವೇ ಜೆಸಿಬಿ ಬಂದು ಎಲ್ಲ ಬೋಳಿಸಿ ಆಯ್ತು. ಸಿಪ್ಪೆ ಎಲ್ಲಿ ಹಾಕಿದ್ದು ಹೇಳಿ.”

“ನೀರುಳ್ಳಿ ಸಿಪ್ಪೆಯ ಒಟ್ಟಿಗೆ, ಬಸಳೆಯ ಬುಡಕ್ಕೆ.”

ತಾಯಿ ಮಗಳು ಬಸಳೆ ಚಪ್ಪರದಡಿ ಕುಕ್ಕರಗಾಲಲ್ಲಿ ಕೂತು, ಸೊಳ್ಳೆಯ ರೆಕ್ಕೆಯಷ್ಟಿದ್ದ ಚೂರುಗಳನ್ನು ಹೆಕ್ಕಿದರು. ಕನ್ನಡಕ ಹಾಕಿಕೊಂಡು ಗುಣವತಿಯೇ ಹೆಚ್ಚು ಹೆಕ್ಕಿದರು; ಅವರೇ ಬಿಡಿಸಿದ್ದಲ್ಲವೇ, ಗುರುತಿತ್ತು. ಉದುರಿದ ಭಾಗಗಳಿಗೆಂದು ಹಾಳೆಯ ಮೂಲೆಯಲ್ಲಿ ಅಂಟಿಸುವ ಕಾಗದದ ಪೊಟ್ಟಣದೊಳಗೆ ಮನ್ವಿತಾ ಅವನ್ನು ಹಾಕಿ, ಗಿಡವನ್ನೂ ಅಂಟಿಸಿ ಹೆಸರು ಬರೆದಳು. ಶಕ್ತಿನಗರದ ಮನೆಯಿಂದ ಕಾಲೇಜಿನವರೆಗೆ ಬಸ್ಸಿನಲ್ಲಿ ಹಾಳೆಯನ್ನು ಮೊಣಕಾಲ ಮೇಲೆ ಮಲಗಿಸಿಕೊಂಡೇ ಬಂದಳು.

ಎಲೇನ್ ಮೇಡಮ್ ಪೊಟ್ಟಣ ಬಿಚ್ಚಿ ಲೆನ್ಸ್‌ಗೆ ಕಣ್ಣಿಟ್ಟರು.

“ಕೂದಲು ಉಂಟು. ಹೆಸರು ಸರಿಯಾಗಿ ಬರೆದಿದ್ದಿ,” ಎಂದು ಸಹಿ ಹಾಕಿದರು. ಚಿಮಟದಲ್ಲಿ ಒಂದು ಚೂರನ್ನು ಎತ್ತಿ ಪಕ್ಕಕ್ಕಿಟ್ಟರು. “ಇದು ಮಾತ್ರ ನೀರುಳ್ಳಿ.”

“ಸಾರಿ ಮೇಡಮ್. ಮನೆಯಲ್ಲಿ ಅಮ್ಮ ಕ್ಲೀನ್ ಮಾಡಿದ್ದು.”

ಮೇಡಮ್ ನಕ್ಕರು. “ಇರ್ಲಿ. ಈ ಗಿಡ ನಮ್ಮ ಡಿಪಾರ್ಟ್‌ಮೆಂಟಲ್ಲಿ ಬೇರೆ ಇಲ್ಲ. ಆದಿತ್ಯವಾರ ಹೋಗಿ ಸಿಪ್ಪೆ ಇರುವ ಒಂದು ತರ್ಲಿಕ್ಕೆ ಆಗ್ತದಾ?”

“ಇಲ್ಲ ಮೇಡಮ್,” ಎಂದಳು ಮನ್ವಿತಾ. “ಅಲ್ಲಿಯೂ ಕ್ಲೀನ್ ಮಾಡಿದ್ದಾರೆ.”