ನೆರಳಿಗೆ ಕರೆಯದ ತಂಗಿ

ಬದನೆಕಾಯಿ ಹೆಚ್ಚುವ ಮೊದಲು ಎಲ್ಲರಂತೆ ನಾನೂ ಅಂಗಳದ ಬಿಸಿಲಲ್ಲಿ ಕೂತು ಅದಕ್ಕೆ ಬೆಳಕುಗನ್ನಡಿ ಹಿಡಿದೆ. ಪ್ರತಿ ಜೀವದೊಳಗೂ ಇರುವ ಬುದ್ಧನ ಬೆಳಕನ್ನು ತೋರಿಸುವ ಕನ್ನಡಿ ಅದು. ಒಳಗೆ ಹುಳ ಇದ್ದರೆ ಅದರ ಬೆಳಕು ಕಾಣುತ್ತದೆ, ಅಂಥ ಕಾಯಿಯನ್ನು ಗಿಡದ ಬುಡಕ್ಕೆ ಬಿಟ್ಟುಬರಬೇಕು. ಏನೂ ಕಾಣಲಿಲ್ಲ. ಈಳಿಗೆಗೆ ಇಡುವಷ್ಟರಲ್ಲಿ ಪಕ್ಕದ ಮನೆಯ ಗಂಗಾಬಾಯಿ ಕೂಗಿದಳು.

"ಯಕ್ಕಾ, ಬಿಸಲಾಗ ಹಿಡದ್ರ ಆನಿದೂ ಕಾಣಂಗಿಲ್ಲ, ಹುಳದ್ದ ಎಲ್ಲಿ ಕಾಣ್ತದ? ನೆಳ್ಳಿಗಿ ಬಾ!"

ಮಂಡಿ ಹಿಡಿದುಕೊಂಡು ಎದ್ದು ನೆರಳಿಗೆ ಹೋದೆ. ಕಾಯಿಯೊಳಗೆ ಸಾಸಿವೆಯಷ್ಟು ಬೆಳಕು ಉರಿಯುತ್ತಿತ್ತು.

ಮೂವತ್ತೆರಡು ವರ್ಷದ ಹಿಂದೆ ತಂಗಿ ಚನ್ನವ್ವನನ್ನು ನೋಡಲು ಗಂಡಿನವರು ಬಂದಿದ್ದರು. ಪದ್ಧತಿಯಂತೆ ಅವಳ ಎದೆಗೆ ಕನ್ನಡಿ ಹಿಡಿದವಳು ಅಕ್ಕನಾದ ನಾನು. ಇದೇ ಅಂಗಳ, ಸುಡುವ ಮಧ್ಯಾಹ್ನ. "ಇಕಿಯೊಳಗ ಏನೂ ಇಲ್ಲ" ಎಂದುಬಿಟ್ಟೆ. ಬಂದವರು ನೀರೂ ಕುಡಿಯದೆ ಎದ್ದರು. ಸಂಜೆ ಅಡುಗೆಮನೆಯಲ್ಲಿ ಅಳುತ್ತ ಕೂತವಳಿಗೆ ಮತ್ತೆ ಹಿಡಿದೆ. ಗೋಡೆಯೆಲ್ಲ ಬೆಳಗಿತು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳು ಊರು ಬಿಟ್ಟಿದ್ದಳು.

ಅವಳ ವಿಳಾಸ ಸಿಕ್ಕ ಮೇಲೆ ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತದ್ದೇ ತಪ್ಪಾಯಿತು ಎಂದು ಅವಳಿಗೆ ಬರೆಯಲು. ಬರೆದ ಕಾಗದ ಬೇಳೆ ಡಬ್ಬಿಯ ಕೆಳಗೆ ಹನ್ನೊಂದು ವರ್ಷ ಕೂತಿತ್ತು, ಅವಳು ಓದದೆ ಹರಿದಾಳು ಎಂಬ ಅಂಜಿಕೆಗೆ.

ಇವತ್ತು ಒಂದು ಹುಳಕ್ಕಾಗಿ ಎದ್ದು ನೆರಳಿಗೆ ಬಂದೆ. ಅವತ್ತು ತಂಗಿಯನ್ನು ನಾಲ್ಕು ಹೆಜ್ಜೆ ಆಚೆಯ ನೆರಳಿಗೆ ಕರೆಯಲಿಲ್ಲ.

ಕಾಯಿಯನ್ನು ಗಿಡದ ಬುಡಕ್ಕಿಟ್ಟು, ಬೇಳೆ ಡಬ್ಬಿ ಸರಿಸಿ, ಕಾಗದ ಹಿಡಿದು ಹೊರಬಂದೆ.

"ಇಷ್ಟ ವರ್ಷ ಇಲ್ಲದ್ದು ಈಗ್ಯಾಕ ಅವಸರ? ಪಲ್ಯಾ ಮಾಡಿ ಹೋಗು," ಎಂದಳು ಕಾಗದದ ಸಂಗತಿ ಬಲ್ಲ ಗಂಗಾಬಾಯಿ.

"ಹರಿದ್ರ ಹರೀಲಿ," ಎಂದು ಹೋಗಿ, ಕಾಗದವನ್ನು ಅಂಚೆಡಬ್ಬಿಗೆ ಹಾಕಿದೆ.