ಕಾಕಾ ಬಡಿದ ಮೋರ್ಸ್

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ತಾಗಿದರೆ ಇವತ್ತಿಗೂ ಬ್ಯಾಡಗಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಕಾಕಾ ಹ್ಯಾಮ್ ರೇಡಿಯೊ ಹವ್ಯಾಸಿ, ಸರಕಾರದ ಪರವಾನಗಿ ಪಡೆದು ಮನೆಯಿಂದಲೇ ರೇಡಿಯೊದಲ್ಲಿ ಮಾತಾಡುವವರು. ತಾವೇ ಬೆಸುಗೆ ಹಾಕಿ ಜೋಡಿಸಿದ ಸೆಟ್ಟಿನಲ್ಲಿ ರಾಣೆಬೆನ್ನೂರಿನ ಗೆಳೆಯನೊಡನೆ ದಿನಾ ಹರಟುತ್ತಿದ್ದರು. ಗಂಟಲಿನ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಅವರ ದನಿ ಹೋಯಿತು. ಆ ಸುದ್ದಿಯನ್ನು ಗೆಳೆಯನಿಗೆ ತಿಳಿಸಲು ಅವರು ಬಿಡಲಿಲ್ಲ.

ಅವತ್ತು ಮೇಜಿನ ಮೇಲಿನ ರೇಡಿಯೊ ಮಾಸಿಕಗಳನ್ನು ಸರಿಸಿ, ಅವುಗಳ ಹಿಂದೆ ಧೂಳು ಹಿಡಿದಿದ್ದ, ಟಿಕ್ ಟಿಕ್ ಸಂಕೇತದಲ್ಲಿ ಅಕ್ಷರ ಕಳಿಸುವ ಮೋರ್ಸ್ ಕೀಲಿಯನ್ನು ಎಳೆದುಕೊಂಡರು. ಪರವಾನಗಿಗೆ ಇನ್ನು ಮೋರ್ಸ್ ಬೇಕಾಗಿಲ್ಲವೆಂದು ಆ ಮಾಸಿಕಗಳಲ್ಲೇ ಬರತೊಡಗಿತ್ತು.

"ಮಾತು ಹೋದ್ರೇನಾತ್ರಿ, ಕೈ ಅದಾವಲ್ಲ," ಎಂದಳು ಅವರ ಹೆಂಡತಿ, ನನ್ನ ಚಿಗವ್ವ.

ಕಾಕಾ ತಮ್ಮ ಗುರುತಿನ ಅಕ್ಷರಗಳನ್ನು ಟಿಕ್ ಟಿಕ್ ಎಂದು ಬಡಿದರು. ಸ್ವಲ್ಪ ಹೊತ್ತಿಗೆ ಗೆಳೆಯನ ದನಿ ಕೇಳಿಸಿತು. ಕಾಕಾರ ಮುಖ ಅರಳಿತು.

"ಯಾರ್ರೀ ಅದು? ನನಗ ಮೋರ್ಸ್ ಮರತೇ ಹೋಗೇತ್ರಿ. ಬಾಯಿಲೆ ಹೇಳ್ರಿ."

ಕಾಕಾ ಮತ್ತೆ ಬಡಿದರು, ಮಗುವಿಗೆ ಅಕ್ಷರ ತಿದ್ದಿಸುವಷ್ಟು ನಿಧಾನವಾಗಿ. ತಡೆಯಲಾರದೆ ಚಿಗವ್ವ ಮೈಕಿಗೆ ಕೈ ಚಾಚಿದಳು. ಕಾಕಾ ಆ ಕೈ ಹಿಡಿದು, ಬೇಡವೆಂದು ತಲೆಯಾಡಿಸಿದರು.

"ಯಾರೋ ಹೊಸಾ ಹುಡುಗ್ರು ಆಟಾ ಆಡಾಕತ್ತಾರ," ಎಂದು ಗೆಳೆಯ ನಕ್ಕ. ಆಮೇಲೆ ಸ್ಪೀಕರಿನಲ್ಲಿ ಬರೀ ಗರಗರ ಸದ್ದು.

ಆದರೂ ಕಾಕಾ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಈಗ ಏನ್ ಹೇಳಾಕತ್ತಾರ ಚಿಗವ್ವಾ?" ಎಂದು ಕೇಳಿದೆ.

ಕಾಕಾ ದಿನಾ ಮೋರ್ಸ್ ಬಡಿಯುತ್ತಿದ್ದ ಹಳೆಯ ದಿನಗಳಲ್ಲಿ ಕೇಳಿ ಕೇಳಿ ಅವಳಿಗೆ ಅಷ್ಟು ತಿಳಿಯುತ್ತಿತ್ತು.

"ಹೋಗಿ ಬರ್ತೇನಿ ಅಂತ," ಎಂದಳು.